ಹಲ್ಲು, ಮಂಡಿ ಮತ್ತು ನಾಲ್ಕು ಮಾತ್ರೆಗಳು

ನಮ್ಮ ಓರಗೆಯವರು ಮದುವೆ-ಮುಂಜಿಗಳಲ್ಲಿ ಸೇರಿದರೆ ಹಿಂದೆಲ್ಲ ಮಕ್ಕಳ ಓದು, ವರ್ಗಾವಣೆ, ತುಟ್ಟಿಭತ್ಯೆಗಳ ಮಾತು ನಡೆಯುತ್ತಿತ್ತು. ಈಗ ಮಂಡಿಯ ಮಾತು ನಡೆಯುತ್ತದೆ. ಯಾರಿಗೆ ಒಂದು ಮಂಡಿ ಆಯಿತು, ಯಾರಿಗೆ ಎರಡೂ ಆಯಿತು, ಯಾವ ಊರಿನಲ್ಲಿ ಮಾಡಿಸಿದರು, ಎಷ್ಟು ದಿನಕ್ಕೆ ಮೆಟ್ಟಿಲು ಹತ್ತಿದರು ಎಂಬುದೇ ಕುಶಲ ಪ್ರಶ್ನೆಯಾಗಿದೆ. ಊಟಕ್ಕೆ ನೆಲದ ಮೇಲೆ ಕೂರುವವರ ಪಂಕ್ತಿ ಕಿರಿದಾಗಿ ಮೇಜಿನ ಸಾಲು ಉದ್ದವಾಗುತ್ತಿದೆ. 2017ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಕೃತಕ ಮಂಡಿಯ ಭಾಗಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿದ ಮೇಲೆ, ನಮ್ಮಂಥ ಪಿಂಚಣಿದಾರರೂ ಧೈರ್ಯ ಮಾಡಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವಂತಾಯಿತು.

ಮಂಡಿ ಬದಲಾದವರಿಗೂ ಹಲ್ಲು ನೋಯುತ್ತದೆ. ಅಲ್ಲಿಂದ ಒಂದು ತೊಡಕು ಹುಟ್ಟಿಕೊಳ್ಳುತ್ತದೆ. ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆಯನ್ನು ಕೇಳಿದರು: "ಸಾರ್, ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಈಗ ಹಲ್ಲು ಕೀಳಿಸಬೇಕು. ಮೊದಲೇ ಆ್ಯಂಟಿಬಯೋಟಿಕ್ ನುಂಗಿಕೊಂಡು ಹೋಗಬೇಕು ಅಂತ ಒಬ್ಬರು ಹೇಳ್ತಾರೆ, ಬೇಡ ಅಂತ ಇನ್ನೊಬ್ಬರು. ನೀವೇನು ಮಾಡಿದಿರಿ?" ನಾನು ವೈದ್ಯನಲ್ಲ; 34 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದವನು. ಆದರೆ ಈ ಪ್ರಶ್ನೆ ನನ್ನ ಸ್ವಂತ ಎರಡು ಮಂಡಿಗಳ ಪ್ರಶ್ನೆಯೂ ಆಗಿದ್ದುದರಿಂದ ಅದನ್ನು ತಕ್ಕಮಟ್ಟಿಗೆ ಓದಿ, ಕೇಳಿ, ತಿಳಿದುಕೊಂಡಿದ್ದೇನೆ. ಮೂವರಿಗೂ ಬೇರೆ ಬೇರೆ ಪತ್ರ ಬರೆಯುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಭಯದ ಮೂಲವನ್ನು ನೋಡೋಣ, ಏಕೆಂದರೆ ಆ ಭಯ ಹುಸಿಯಲ್ಲ. ಕೃತಕ ಕೀಲು ಎಂದರೆ ಲೋಹ ಮತ್ತು ಪ್ಲಾಸ್ಟಿಕ್. ಅದಕ್ಕೆ ರಕ್ತನಾಳಗಳಿಲ್ಲ, ಜೀವವಿಲ್ಲ. ಬ್ಯಾಕ್ಟೀರಿಯಾಗಳು ಅದರ ಮೇಲೆ ನೆಲೆಯೂರಿದರೆ ತಮ್ಮ ಸುತ್ತ ಒಂದು ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುತ್ತವೆ. ನೀರಿನ ತೊಟ್ಟಿಯ ಒಳಗೋಡೆಯಲ್ಲಿ ಬೆರಳಿಗೆ ಜಾರುವ ಲೋಳೆ ಇರುತ್ತದಲ್ಲ, ಅದೇ ಜಾತಿಯದು. ಆ ಪೊರೆಯೊಳಗೆ ಅವಿತವುಗಳನ್ನು ನಮ್ಮ ದೇಹದ ಕಾವಲು ಕೋಶಗಳೂ ಔಷಧವೂ ಸುಲಭವಾಗಿ ಮುಟ್ಟಲಾರವು. ಆಗ ಅನೇಕ ವೇಳೆ ಹಾಕಿದ ಕೀಲನ್ನು ಹೊರತೆಗೆದು, ಔಷಧ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಇಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಮತ್ತೊಮ್ಮೆ ಹೊಸ ಕೀಲನ್ನು ಕೂರಿಸಬೇಕಾಗುತ್ತದೆ. ನೂರಕ್ಕೆ ಒಬ್ಬರೋ ಇಬ್ಬರೋ ಇಂಥ ಸೋಂಕಿಗೆ ಒಳಗಾಗುತ್ತಾರೆ. ಆ ಒಬ್ಬರು ನಾವೇ ಆಗಿಬಿಟ್ಟರೆ ಎಂಬ ಅಳುಕು ಯಾರಿಗೆ ತಾನೆ ಇರುವುದಿಲ್ಲ?

ಸೊಂಟದ ಕೀಲು ಬದಲಾವಣೆಯನ್ನು 1960ರ ದಶಕದ ಆರಂಭದಲ್ಲಿ ಇಂದಿನ ರೂಪಕ್ಕೆ ತಂದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿಯವರಿಗೂ ಈ ಅಳುಕೇ ಕಾಡಿತ್ತು. ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಅವರು ಶುದ್ಧೀಕರಿಸಿದ ಗಾಳಿ ಹರಿಯುವ ಪ್ರತ್ಯೇಕ ಕೋಣೆಯನ್ನೇ ಕಟ್ಟಿಸಿ ಅದರೊಳಗೆ ಶಸ್ತ್ರಚಿಕಿತ್ಸೆ ಮಾಡಿದರು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಗಾಳಿಯಿಂದ, ಚರ್ಮದಿಂದ ಸೂಕ್ಷ್ಮಜೀವಿಗಳು ಗಾಯಕ್ಕಿಳಿಯುತ್ತವೆ ಎಂಬುದು ಅವರ ಎಣಿಕೆಯಾಗಿತ್ತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಹಲ್ಲು ಇದರ ನಡುವೆ ಬಂದದ್ದು ಹೇಗೆ? ಬಾಯಿಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಹಲ್ಲು ಕಿತ್ತಾಗ ಅವುಗಳಲ್ಲಿ ಕೆಲವು ರಕ್ತಕ್ಕೆ ಸೇರುತ್ತವೆ. ಹೃದಯದ ಕವಾಟ ಕೆಟ್ಟವರಲ್ಲಿ ಇವು ಕವಾಟಕ್ಕೆ ಅಂಟಿ ಮಾರಕವಾಗಬಲ್ಲವೆಂದು ವೈದ್ಯರಿಗೆ ಬಹುಕಾಲದಿಂದ ತಿಳಿದಿತ್ತು. ಆದ್ದರಿಂದ ಅಮೆರಿಕದ ಹೃದಯ ಸಂಘವು 1955ರಷ್ಟು ಹಿಂದೆಯೇ ಅಂಥವರಿಗೆ ಹಲ್ಲಿನ ಚಿಕಿತ್ಸೆಗೆ ಮುನ್ನ ಔಷಧ ಕೊಡಬೇಕೆಂದು ಸಲಹೆ ಮಾಡಿತು. ಮುಂದೆ ಕೃತಕ ಕೀಲುಗಳು ಬಂದಾಗ ಮೂಳೆ ವೈದ್ಯರು ಸಹಜವಾಗಿಯೇ ಹೋಲಿಕೆ ಮಾಡಿದರು: ರಕ್ತದಲ್ಲಿ ತೇಲಿ ಕವಾಟಕ್ಕೆ ಹೋಗುವುದು ಮಂಡಿಗೆ ಏಕೆ ಹೋಗಬಾರದು? ಪ್ರಶ್ನೆ ನ್ಯಾಯವಾದುದೇ. ಆದರೆ ಹೋಲಿಕೆ ಎಂಬುದು ಪುರಾವೆಯಲ್ಲ. ತರಗತಿಯಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಹಲ್ಲಿಗೂ ಕೀಲಿಗೂ ಗಂಟು ಹಾಕಿದ್ದು ಅದೇ ಮೊದಲೂ ಅಲ್ಲ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯರು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಉಪನ್ಯಾಸ ಮಾಡಿ, ಬಾಯಿಯಲ್ಲಿ ಅಡಗಿದ ಕೀವೇ ದೇಹದ ನಾನಾ ರೋಗಗಳಿಗೆ ಮೂಲವೆಂದು ಸಾರಿದರು. ಅನಂತರದ ವರ್ಷಗಳಲ್ಲಿ ಸಂಧಿವಾತದ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕಿತ್ತುಹಾಕಿದರು. ಹಲ್ಲು ಹೋಯಿತು, ಕೀಲುನೋವು ಉಳಿಯಿತು. ರೋಗಿಗಳನ್ನು ಲೆಕ್ಕವಿಟ್ಟು ಗಮನಿಸತೊಡಗಿದ ಮೇಲಷ್ಟೇ ಆ ಭರಾಟೆ ಇಳಿಯಿತು.

ಈಗ ನಮ್ಮ ಅಕ್ಕನ ಸಂಗತಿಯನ್ನು ಹೇಳಬೇಕು. ಅಕ್ಕ ಅಮೆರಿಕದ ಓಹಾಯೋದಲ್ಲಿ ಮಗಳ ಮನೆಯಲ್ಲಿದ್ದಾಳೆ. 2008ರಲ್ಲಿ ಅಲ್ಲಿಯೇ ಆಕೆಯ ಸೊಂಟದ ಕೀಲನ್ನು ಬದಲಾಯಿಸಿದರು. ಆಮೇಲೆ ಹಲ್ಲು ಶುಚಿ ಮಾಡಿಸಲು ಹೋದಾಗಲೆಲ್ಲ ಮೊದಲ ಪ್ರಶ್ನೆ, "ಮಾತ್ರೆ ತೆಗೆದುಕೊಂಡಿರಾ?" ಎಂಬುದೇ. ಒಂದು ಗಂಟೆ ಮೊದಲು ಐನೂರು ಮಿಲಿಗ್ರಾಮಿನ ನಾಲ್ಕು ಅಮಾಕ್ಸಿಸಿಲಿನ್ ಕ್ಯಾಪ್ಸೂಲುಗಳನ್ನು ಒಟ್ಟಿಗೆ ನುಂಗಬೇಕು. ಒಮ್ಮೆ ಮರೆತು ಹೋದದ್ದಕ್ಕೆ, ಮಗಳು ಕೆಲಸಕ್ಕೆ ರಜೆ ಹಾಕಿ ಕರೆದೊಯ್ದಿದ್ದರೂ ಹಾಗೆಯೇ ಮನೆಗೆ ಕಳುಹಿಸಿದರು. ಅಂದಿನಿಂದ ಅಕ್ಕ ಕೈಚೀಲದಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲೇ ಆ ನಾಲ್ಕು ಮಾತ್ರೆಗಳನ್ನು ಇಟ್ಟುಕೊಳ್ಳತೊಡಗಿದಳು.

2015ರಲ್ಲಿ ಒಂದು ರಾತ್ರಿ ಅವಳ ಫೋನು ಬಂತು. ದನಿಯಲ್ಲಿ ಸಿಟ್ಟಿತ್ತು. "ನೋಡೋ, ಇನ್ನು ಮೇಲೆ ಮಾತ್ರೆ ಬೇಡವಂತೆ. ಇಷ್ಟು ವರ್ಷ ಇಲ್ಲದಿದ್ದರೆ ಬಾಗಿಲೊಳಗೇ ಬಿಡ್ತಿರಲಿಲ್ಲ. ಈಗ ನಗ್ತಾ ಬೇಡ ಅಂತಾರೆ. ಹಾಗಾದ್ರೆ ಆಗ ಹೇಳಿದ್ದು ಸುಳ್ಳೋ, ಈಗ ಹೇಳಿದ್ದು ಸುಳ್ಳೋ? ನೀನು ಸೈನ್ಸ್ ಮೇಷ್ಟ್ರಲ್ಲವೇನೋ, ಹೇಳು."

ಅಕ್ಕನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದ ಕಥೆ ಹೀಗಿದೆ. 1997ರಲ್ಲಿ ಅಮೆರಿಕದ ದಂತವೈದ್ಯ ಸಂಘವೂ ಮೂಳೆ ಶಸ್ತ್ರವೈದ್ಯರ ಅಕಾಡೆಮಿಯೂ ಸೇರಿ, ಎಲ್ಲರಿಗೂ ಇದು ಬೇಕಿಲ್ಲ, ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವರ್ಷ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಂಥ ಕೆಲವರಿಗೆ ಯೋಚಿಸಬಹುದು ಎಂದವು. 2009ರಲ್ಲಿ ಮೂಳೆ ವೈದ್ಯರ ಅಕಾಡೆಮಿ ತಾನೊಂದೇ ಹೊಸ ಹೇಳಿಕೆ ಹೊರಡಿಸಿ, ಕೀಲು ಬದಲಾದ ಎಲ್ಲರಿಗೂ ಕೊಡುವುದನ್ನು ಪರಿಗಣಿಸಿರಿ ಎಂದಿತು. ಅಕ್ಕನನ್ನು ಬಾಗಿಲಿನಿಂದ ಹಿಂದಿರುಗಿಸಿದ್ದು ಆ ಕಾಲದಲ್ಲಿ. 2012ರಲ್ಲಿ ಎರಡು ಸಂಸ್ಥೆಗಳೂ ಮತ್ತೆ ಒಟ್ಟಿಗೆ ಕುಳಿತು ಲಭ್ಯವಿದ್ದ ಅಧ್ಯಯನಗಳನ್ನು ಜಾಲಾಡಿ, ವಾಡಿಕೆಯಾಗಿ ಬರೆದುಕೊಡುವುದನ್ನು ನಿಲ್ಲಿಸುವ ಬಗ್ಗೆ ಯೋಚಿಸಬಹುದು ಎಂದವು. 2015ರಲ್ಲಿ ದಂತವೈದ್ಯ ಸಂಘವು ಸಾಮಾನ್ಯವಾಗಿ ಇದು ಬೇಡವೆಂದು ಸ್ಪಷ್ಟವಾಗಿಯೇ ಹೇಳಿತು. ಬ್ರಿಟನ್ನಿನಲ್ಲಾದರೋ ಕೀಲು ಬದಲಾದವರಿಗೆ ಹೀಗೆ ಮಾತ್ರೆ ಕೊಡುವ ವಾಡಿಕೆಯೇ ಇರಲಿಲ್ಲ.

ಅಭಿಪ್ರಾಯ ಬದಲಾದದ್ದು ಯಾರದೋ ಮನಸ್ಸಿನ ಓಲಾಟದಿಂದಲ್ಲ, ಎಣಿಕೆಯಿಂದ. 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಒಂದು ಅಧ್ಯಯನ ಪ್ರಕಟಿಸಿದರು. ಕೃತಕ ಸೊಂಟ ಅಥವಾ ಮಂಡಿಗೆ ಸೋಂಕು ತಗುಲಿದ 339 ಮಂದಿಯನ್ನು, ಕೃತಕ ಕೀಲಿದ್ದೂ ಅದಕ್ಕೆ ಸೋಂಕಿಲ್ಲದ 339 ಮಂದಿಯೊಂದಿಗೆ ಹೋಲಿಸಿ ನೋಡಿದರು. ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡದ್ದರಿಂದ ಸೋಂಕಿನ ಅಪಾಯ ಹೆಚ್ಚಿರಲಿಲ್ಲ. ಮುಂಚಿತವಾಗಿ ಮಾತ್ರೆ ನುಂಗಿದ್ದರಿಂದ ಕಡಿಮೆಯೂ ಆಗಿರಲಿಲ್ಲ. 2022ರಲ್ಲಿ ಇಂಗ್ಲೆಂಡಿನ ದಾಖಲೆಗಳಿಂದ ಇನ್ನೂ ದೊಡ್ಡ ಲೆಕ್ಕ ಬಂತು. ಕೀಲು ಸೋಂಕಿನಿಂದ ಆಸ್ಪತ್ರೆ ಸೇರಿದ 9,427 ಪ್ರಕರಣಗಳ ಹಿಂದಿನ ತಿಂಗಳುಗಳನ್ನು ಹುಡುಕಿದರು. ಸೋಂಕಿಗೆ ಮುಂಚಿನ ಮೂರು ತಿಂಗಳಲ್ಲಿ ಹಲ್ಲು ಕೀಳಿಸುವಂಥ ಚಿಕಿತ್ಸೆಗಳು ಹೆಚ್ಚಾಗಿದ್ದ ಸುಳಿವೇ ಸಿಗಲಿಲ್ಲ. ಮಾತ್ರೆ ಕೊಡದ ದೇಶದ ಲೆಕ್ಕವಿದು ಎಂಬುದನ್ನು ಗಮನಿಸಿ.

ಕಾರಣವೂ ತಿಳಿಯುವಂಥದ್ದೇ. ಕೃತಕ ಕೀಲಿನಲ್ಲಿ ಸಿಗುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಸ್ಟ್ಯಾಫಿಲೊಕಾಕಸ್ ಜಾತಿಯವು, ಚರ್ಮದಲ್ಲಿ ವಾಸಿಸುವವು. ಚಾರ್ನ್‌ಲಿಯವರ ಎಣಿಕೆ ನೆನಪಿದೆಯೇ? ಬಾಯಿಯಲ್ಲಿ ಮುಖ್ಯವಾಗಿ ಇರುವುದು ಬೇರೊಂದು ಕುಲ, ಸ್ಟ್ರೆಪ್ಟೊಕಾಕಸ್. ಹೃದಯದ ಕವಾಟಕ್ಕೆ ಅಂಟುವುದು ಈ ಬಾಯಿಯ ಕುಲ. ಮಂಡಿಯಲ್ಲಿ ಅದು ಕಾಣಿಸಿಕೊಳ್ಳುವುದು ಕಡಿಮೆ.

ಇನ್ನೊಂದು ಲೆಕ್ಕ ನನ್ನಂಥ ಮೇಷ್ಟ್ರಿಗೆ ಬಹಳ ಹಿಡಿಸಿತು. 2008ರಲ್ಲಿ ಅಮೆರಿಕದಲ್ಲಿ 290 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತೆಂದು ಪ್ರಕಟವಾಯಿತು. ಹಲ್ಲು ಕಿತ್ತಾಗ ನೂರಕ್ಕೆ 60 ಮಂದಿಯ ರಕ್ತದಲ್ಲಿ ಬಾಯಿಯ ಬ್ಯಾಕ್ಟೀರಿಯಾ ಸಿಕ್ಕಿತು. ಮೊದಲೇ ಅಮಾಕ್ಸಿಸಿಲಿನ್ ಕೊಟ್ಟು ಕಿತ್ತಾಗ ನೂರಕ್ಕೆ 33 ಮಂದಿಯಲ್ಲಿ. ಬರಿದೇ ಬ್ರಷ್ಷಿನಿಂದ ಹಲ್ಲುಜ್ಜಿದಾಗ? ನೂರಕ್ಕೆ 23 ಮಂದಿಯಲ್ಲಿ! ಈಗ ನೀವೇ ಗುಣಿಸಿ. ದಿನಕ್ಕೆ ಎರಡು ಸಲವೆಂದರೆ ವರ್ಷಕ್ಕೆ 730 ಸಲ ಹಲ್ಲುಜ್ಜುತ್ತೇವೆ. ಹಲ್ಲು ಕೀಳಿಸುವುದು ಎಷ್ಟೋ ವರ್ಷಕ್ಕೊಮ್ಮೆ. ವರ್ಷವಿಡೀ ಚಿಕ್ಕ ಬಾಗಿಲು ತೆರೆದೇ ಇರುವ ಮನೆಗೆ ಒಂದು ದಿನ ಮಾತ್ರ ದೊಡ್ಡ ಬಾಗಿಲಿಗೆ ಬೀಗ ಹಾಕಿದರೆ ಏನು ಫಲ? ಹಾಗೆಂದು ಹಲ್ಲುಜ್ಜುವುದನ್ನು ಬಿಡಬೇಡಿ ಮಹರಾಯರೇ! ಒಸಡು ಊದಿ ರಕ್ತ ಜಿನುಗುವಂತಿದ್ದರೆ ಆ ಬಾಗಿಲು ಇನ್ನೂ ಅಗಲವಾಗುತ್ತದೆ. ಬಾಯಿಯ ನಿತ್ಯದ ಶುಚಿಯೇ ನಮ್ಮ ಕೈಯಲ್ಲಿರುವ ನಿಜವಾದ ಕಾವಲು.

ನನ್ನ ಎರಡು ಮಂಡಿಗಳನ್ನೂ 2018ರಲ್ಲಿ ಬದಲಾಯಿಸಿದರು. ಮನೆಗೆ ಕಳುಹಿಸುವಾಗ ಕೊಟ್ಟ ಹಾಳೆಯಲ್ಲಿ, ಹಲ್ಲಿನ ಯಾವುದೇ ಚಿಕಿತ್ಸೆಗೆ ಮೊದಲು ಜೀವನಪರ್ಯಂತ ಪ್ರತಿಜೀವಕ ತೆಗೆದುಕೊಳ್ಳತಕ್ಕದ್ದು ಎಂಬ ಸಾಲಿತ್ತು. 2022ರಲ್ಲಿ ಎಡಗಡೆಯ ಕೆಳದವಡೆ ಹಲ್ಲೊಂದು ಸೀಳಿ, ಕೀಳದೆ ವಿಧಿಯಿಲ್ಲ ಎಂದಾಯಿತು. ನಮ್ಮೂರ ದಂತವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ಆ ಹಾಳೆಯನ್ನು ಓದಿ ಕೇಳಿದಳು: "ಸಕ್ಕರೆ ಕಾಯಿಲೆ ಇದೆಯಾ ಸಾರ್? ಮಂಡಿಗೆ ಹಿಂದೆ ಯಾವಾಗಲಾದರೂ ಕೀವಾಗಿತ್ತಾ? ಹಾರ್ಟ್‌ನಲ್ಲಿ ವಾಲ್ವ್ ಏನಾದರೂ ಹಾಕಿದ್ದಾರಾ? ಸ್ಟೀರಾಯ್ಡ್ ಮಾತ್ರೆ ನುಂಗ್ತೀರಾ?" ಯಾವುದೂ ಇಲ್ಲವಮ್ಮಾ ಎಂದೆ. "ಹಾಗಾದರೆ ನಿಮಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಆದರೂ ಅವರ ಮಾತನ್ನು ಮೀರಿ ಮಾಡೋದು ಬೇಡ, ಕೇಳಿಬಿಡ್ತೀನಿ" ಎಂದು ನನ್ನೆದುರಿಗೇ ಶಸ್ತ್ರವೈದ್ಯರಿಗೆ ಫೋನು ಮಾಡಿದಳು. ಇಬ್ಬರೂ ಐದು ನಿಮಿಷ ಮಾತನಾಡಿದರು. ಆ ಸಾಲು ಎಲ್ಲರ ಹಾಳೆಯಲ್ಲೂ ವಾಡಿಕೆಯಾಗಿ ಬರುವಂಥದ್ದು, ಇವರ ವಿಷಯದಲ್ಲಿ ಕೊಡದಿದ್ದರೂ ತಮ್ಮ ಅಭ್ಯಂತರವಿಲ್ಲ ಎಂದರಂತೆ. ಹಲ್ಲು ಬಂತು. ಮಾತ್ರೆ ನುಂಗಲಿಲ್ಲ.

ಮೇಲೆ ಬರೆದ ಅಂಕಿಗಳಲ್ಲಿ ಅನೇಕವು ಆ ಹೊತ್ತಿಗೆ ನನಗೆ ತಿಳಿದೇ ಇದ್ದವು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಒಂದು ಮಂಡಿಯ ಮೇಲೆ ಕೈಯಿಟ್ಟು, ಮತ್ತೊಂದರ ಮೇಲಿಟ್ಟು, ಯಾವುದಾದರೂ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದೆ. ಪಕ್ಕದಲ್ಲಿ ಮಲಗಿದ್ದ ನನ್ನಾಕೆ, "ಏನ್ರೀ ಅದು, ಜ್ವರ ಬಂದ ಮಗೂನ ಮುಟ್ಟಿ ನೋಡಿದ ಹಾಗೆ!" ಎಂದಳು. ಬುದ್ಧಿ ಒಪ್ಪಿದ್ದನ್ನು ಕೈ ಒಪ್ಪಲು ಎಂಟು ದಿನ ಹಿಡಿಯಿತು. ಓಹಾಯೋದಲ್ಲಿದ್ದ ಅಕ್ಕನ ಸಿಟ್ಟು ನನಗೆ ಪೂರ್ತಿಯಾಗಿ ಅರ್ಥವಾದದ್ದು ಆ ಎಂಟು ದಿನಗಳಲ್ಲಿ. ಅವಳು ಕಳೆದುಕೊಂಡದ್ದು ಮಾತ್ರೆಯನ್ನಲ್ಲ, ಅದು ಕೊಡುತ್ತಿದ್ದ ನೆಮ್ಮದಿಯನ್ನು.

ನುಂಗಿದರೆ ನಷ್ಟವೇನು, ಒಂದು ದಿನದ ನಾಲ್ಕು ಮಾತ್ರೆ ತಾನೆ ಎಂದು ಕೇಳಬಹುದು. ಮೊದಲನೆಯ ನಷ್ಟ ನುಂಗುವವನಿಗೇ. ಪೆನಿಸಿಲಿನ್ ಜಾತಿಯ ಔಷಧ ಕೆಲವರಿಗೆ ಒಗ್ಗುವುದಿಲ್ಲ. ಅಪರೂಪಕ್ಕೆ ಅದು ಪ್ರಾಣಕ್ಕೇ ಸಂಚಕಾರ ತರುತ್ತದೆ. ಕರುಳಿನ ಒಳ್ಳೆಯ ಜೀವಿಗಳು ಸತ್ತು ಕೆಟ್ಟವು ಬೆಳೆದು ತೀವ್ರವಾದ ಭೇದಿಯಾಗುವುದೂ ಉಂಟು, ವಯಸ್ಸಾದವರಲ್ಲಿ ವಿಶೇಷವಾಗಿ. ಎರಡನೆಯ ನಷ್ಟ ಎಲ್ಲರಿಗೂ ಸೇರಿದ್ದು. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲೇ, ಜನ ಈ ಔಷಧವನ್ನು ತಾವಾಗಿಯೇ ಅರೆಬರೆ ಪ್ರಮಾಣದಲ್ಲಿ ಬಳಸಿದರೆ ಸೂಕ್ಷ್ಮಜೀವಿಗಳು ಅದನ್ನು ಎದುರಿಸಲು ಕಲಿತುಬಿಡುತ್ತವೆ ಎಂದು ಎಚ್ಚರಿಸಿದ್ದರು. ನಮ್ಮ ದೇಶದಲ್ಲಿ 2016ರಲ್ಲಿ, ಮಾತ್ರೆಯ ಹಾಳೆಯ ಮೇಲಿನ ಕೆಂಪು ಗೆರೆಯನ್ನು ಗುರುತಿಸಿ, ಅಂಥವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬ ಪ್ರಚಾರವನ್ನೇ ಸರ್ಕಾರ ಆರಂಭಿಸಿತು. ಮನೆಯಲ್ಲಿರುವ ಹಾಳೆಗಳನ್ನೊಮ್ಮೆ ತಿರುಗಿಸಿ ನೋಡಿ.

ಮೂರನೆಯ ನಷ್ಟವನ್ನು ನಾನು ಕಣ್ಣಾರೆ ಕಂಡೆ. ನಮ್ಮ ಶಾಲೆಯ ಚಿತ್ರಕಲಾ ಮೇಷ್ಟ್ರಿಗೆ ಒಂದು ಮಂಡಿ ಬದಲಾಗಿತ್ತು. ಹಲ್ಲು ಹುಳುಕಾದಾಗ ದಂತವೈದ್ಯರು, ಶಸ್ತ್ರವೈದ್ಯರ ಚೀಟಿ ತನ್ನಿ, ಆಮೇಲೆ ಮುಟ್ಟುತ್ತೇನೆ ಎಂದರು. ಶಸ್ತ್ರವೈದ್ಯರಿರುವುದು ಬೆಂಗಳೂರಿನಲ್ಲಿ. ಒಂದು ಚೀಟಿಗಾಗಿ ಬೆಂಗಳೂರಿಗೆ ಹೋಗುವುದೇ ಎಂದು ಮುಂದೂಡಿದರು. ಹಲ್ಲು ಮುಟ್ಟಿದರೆ ಮಂಡಿ ಕೆಡುತ್ತದೆ ಎಂಬ ಭಯ ಮನಸ್ಸಿನಲ್ಲಿ ಬೇರೂರಿತು. ಎರಡು ವರ್ಷ ಲವಂಗದೆಣ್ಣೆ ಹಚ್ಚಿಕೊಂಡು ಕಾಲ ತಳ್ಳಿದರು. ಕೊನೆಗೆ ದವಡೆಯಲ್ಲಿ ಕೀವು ತುಂಬಿ, ಕೆನ್ನೆ ಊದಿ, ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ದಯೆ, ಮಂಡಿಗೆ ಏನೂ ಆಗಲಿಲ್ಲ. ಮಂಡಿಯನ್ನು ಕಾಯಲೆಂದು ಹುಟ್ಟಿದ ನಿಯಮವೇ ಅವರನ್ನು ದಂತವೈದ್ಯರಿಂದ ದೂರವಿಟ್ಟು, ಎರಡು ವರ್ಷ ಕೀವಿನ ಗೂಡನ್ನು ಬಾಯಿಯಲ್ಲಿ ಸಾಕಿಸಿತು. ನಾಲ್ಕು ಮಾತ್ರೆಗಳಿಗಿಂತ ಈ ಅಂಜಿಕೆಯೇ ಹೆಚ್ಚು ಅಪಾಯಕಾರಿ ಎಂದು ನನಗೆ ಮನದಟ್ಟಾದದ್ದು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ.

ಹಾಗೆಂದು ಯಾರಿಗೂ ಬೇಡವೆಂದು ತಿಳಿಯಬಾರದು. ಕೃತಕ ಹೃದಯ ಕವಾಟ ಇರುವವರು, ಹಿಂದೆ ಕವಾಟದ ಸೋಂಕು ಆದವರು ಮುಂತಾದ ಹೆಚ್ಚಿನ ಅಪಾಯದವರಿಗೆ ಅಮೆರಿಕದ ಹೃದಯ ಸಂಘದ ಸಲಹೆ ಇಂದಿಗೂ ಇದೆ. ಅಂಥವರು ಮಾತ್ರೆಯನ್ನು ತಪ್ಪಿಸಲೇಬಾರದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿಯನ್ನು ತೀರ ಕುಗ್ಗಿಸುವ ರೋಗ ಅಥವಾ ಔಷಧ, ಕೃತಕ ಕೀಲಿಗೆ ಹಿಂದೊಮ್ಮೆ ಸೋಂಕಾದ ಚರಿತ್ರೆ, ಇವಿದ್ದರೆ ಮೂಳೆ ವೈದ್ಯರು ಮತ್ತು ದಂತವೈದ್ಯರು ತಮ್ಮೊಳಗೆ ಮಾತನಾಡಿ ನಿರ್ಧರಿಸಬೇಕು. ಬಾಯಲ್ಲಿ ಈಗಾಗಲೇ ಕೀವಾಗಿದ್ದರೆ ಕೊಡುವ ಔಷಧ ಚಿಕಿತ್ಸೆಯೇ ಹೊರತು ಮುನ್ನೆಚ್ಚರಿಕೆಯಲ್ಲ. ಅದನ್ನು ವೈದ್ಯರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು.

ಮಂಡಿ ಮಾಡಿಸಿಕೊಳ್ಳಬೇಕೆಂದಿರುವವರಿಗೆ ನನ್ನ ಮಾತು: ಮೊದಲು ಹಲ್ಲು ತೋರಿಸಿ. ಹುಳುಕು, ಒಸಡಿನ ಕೀವು ಏನಿದ್ದರೂ ಮುಗಿಸಿಕೊಂಡು ಆಮೇಲೆ ಮಂಡಿಗೆ ಹೋಗಿ. ಮಂಡಿಯಾದ ಮೊದಲ ಕೆಲವು ತಿಂಗಳು, ತುರ್ತಿಲ್ಲದ ಹಲ್ಲಿನ ಕೆಲಸವನ್ನು ಮುಂದಕ್ಕೆ ಹಾಕಲು ಅನೇಕ ಶಸ್ತ್ರವೈದ್ಯರು ಹೇಳುತ್ತಾರೆ, ಕೇಳಿ ತಿಳಿದುಕೊಳ್ಳಿ. ಮುಂದೆ ಎಂದಾದರೂ ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ, ಗಾಯದಲ್ಲಿ ಕೀವು ಒಸರಿದರೆ, ಮನೆಯಲ್ಲಿ ಉಳಿದ ಮಾತ್ರೆ ನುಂಗದೆ ಆ ದಿನವೇ ಶಸ್ತ್ರವೈದ್ಯರಲ್ಲಿಗೆ ಹೋಗಿ. ಮೊದಲೇ ಔಷಧ ನುಂಗಿದ್ದರೆ ಕೀಲಿನಿಂದ ತೆಗೆದ ದ್ರವದಲ್ಲಿ ಸೂಕ್ಷ್ಮಜೀವಿ ಕಾಣಿಸದೆ ಹೋಗಬಹುದು. ಆಗ ಸರಿಯಾದ ಔಷಧವನ್ನು ಆರಿಸುವುದು ಅವರಿಗೂ ಕಷ್ಟ.

ಅಕ್ಕನಿಗೆ ನಾನು ಕೊಟ್ಟ ಉತ್ತರವನ್ನು ಬರೆದು ಮುಗಿಸುತ್ತೇನೆ. "ಎರಡೂ ಸುಳ್ಳಲ್ಲ ಕಣೇ ಅಕ್ಕಾ. 2006ರವರೆಗೆ ನಾನು ಮಕ್ಕಳಿಗೆ ಒಂಬತ್ತು ಗ್ರಹ ಅಂತ ಪಾಠ ಮಾಡಿದೆ, ಆಮೇಲೆ ಪ್ಲೂಟೊ ಬಿಟ್ಟು ಎಂಟು ಅಂದೆ. ತಿಳಿದಷ್ಟನ್ನು ಹೇಳುವುದು, ಹೆಚ್ಚು ತಿಳಿದ ಮೇಲೆ ತಿದ್ದಿ ಹೇಳುವುದು. ತಿದ್ದಿಕೊಳ್ಳುವವರನ್ನೇ ನಂಬಬೇಕು." ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ಲೂಟೊ ನನ್ನ ಸೊಂಟದಲ್ಲಿಲ್ಲವಲ್ಲೋ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಮುಂದಿನ ಸಲ ಅವಳು ಮಾತ್ರೆಯಿಲ್ಲದೆಯೇ ಹೋಗಿ ಹಲ್ಲು ಶುಚಿ ಮಾಡಿಸಿಕೊಂಡು ಬಂದಳು. ಇಂದಿಗೂ ನಡೆದಾಡಿಕೊಂಡಿದ್ದಾಳೆ.

ನನ್ನ ಮಕ್ಕಳ ಸಮಾನರಾದ ನಿಮ್ಮಲ್ಲಿ ಒಂದು ಕೋರಿಕೆ. ಊರಿಗೆ ಬಂದಾಗ ತಂದೆತಾಯಿಯ ಮಂಡಿ ಹೇಗಿದೆ ಎಂದು ತಪ್ಪದೆ ಕೇಳುತ್ತೀರಿ. ಅದರ ಜೊತೆಗೆ ಹಲ್ಲು ಹೇಗಿದೆ ಎಂದೂ ಕೇಳಿ. ತೋರಿಸಿ ಬಹಳ ದಿನವಾಯಿತು ಎಂದರೆ, ರಜೆ ಮುಗಿಯುವ ಮೊದಲು ನೀವೇ ಕರೆದುಕೊಂಡು ಹೋಗಿ ಬನ್ನಿ.